ಫೀಲ್ಡ್ ಟೆಸ್ಟ್‌ಗೆ ಬಾರದ ನಾಯಿಗಳ ಬಗ್ಗೆ ಮಾತಾಡೋಣ

ಜಾಡುಗಾರ:

ಎಲ್ಲರಿಗೂ ನಮಸ್ಕಾರ. ನಮ್ಮ ಬೇಟೆ ನಾಯಿ ಕ್ಲಬ್‌ನ ವಸಂತದ ಟೆಸ್ಟ್ ಮುಗಿಯಿತು. ಹೆಸರು ಕೊಟ್ಟವರ ಪಟ್ಟಿ ಈ ಸಲ ಇನ್ನೂ ಚಿಕ್ಕದಾಗಿತ್ತು. ಹಿಂದೆ ಎರಡು ದಿನ ಹಿಡಿಯುತ್ತಿದ್ದ ಕೆಲಸ ಮಧ್ಯಾಹ್ನಕ್ಕೇ ಮುಗಿದುಹೋಯಿತು. ಬಂದವರಲ್ಲೂ ಜಾಸ್ತಿ ಜನ ಬ್ರೀಡರ್‌ಗಳು. ಮರಿ ಕೊಂಡುಹೋಗಿ ಬೇಟೆಗೆ ಬಳಸುವ ಸಾಮಾನ್ಯ ಮಾಲೀಕರು ಬೆರಳೆಣಿಕೆಯಷ್ಟು.

ಮರಿಗಳಿಗೆ ಬೇಡಿಕೆ ಇಲ್ಲ ಅಂತೇನೂ ಅಲ್ಲ. ಮರಿ ಬೇಕು ಅನ್ನುವವರು ಸರದಿಯಲ್ಲಿ ಕಾಯುತ್ತಿದ್ದಾರೆ. ಹಾಗಾದರೆ ಒಂದು ವರ್ಷ ಕಳೆಯುವಷ್ಟರಲ್ಲಿ ಆ ಮರಿಗಳೆಲ್ಲ ಎಲ್ಲಿ ಹೋಗುತ್ತವೆ? ಇದೇ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಹೊಸಬರಿಗಾಗಿ ಸ್ವಲ್ಪ ವಿವರ ಹೇಳುತ್ತೇನೆ. ಎಳೆ ನಾಯಿಗಳ ಟೆಸ್ಟ್‌ನಲ್ಲಿ ತರಬೇತಿಯನ್ನು ಅಳೆಯುವುದಿಲ್ಲ. ಹುಟ್ಟಿನಿಂದ ಬಂದ ಗುಣ ಎಷ್ಟಿದೆ ಅಂತ ನೋಡುತ್ತಾರೆ. ಅಮೆರಿಕ, ಕೆನಡಾಗಳಲ್ಲಿ ಟೆಸ್ಟ್ ನಡೆಸುವ ನಾವ್‌ಡಾ ಸಂಸ್ಥೆ ಶುರುವಾದದ್ದು 1969ರಲ್ಲಿ. ಅದರ 'ನ್ಯಾಚುರಲ್ ಎಬಿಲಿಟಿ' ಟೆಸ್ಟ್‌ನಲ್ಲಿ ಮೂಗು, ಹುಡುಕಾಟ, ನೀರು, ಪಾಯಿಂಟ್ ಮಾಡುವುದು (ಹಕ್ಕಿಯ ವಾಸನೆ ಸಿಕ್ಕಾಗ ಅಲ್ಲಾಡದೆ ನಿಂತು ತೋರಿಸುವುದು), ಜಾಡು, ಕೆಲಸದ ಹುಮ್ಮಸ್ಸು, ಮಾಲೀಕನ ಜೊತೆಗಿನ ಹೊಂದಾಣಿಕೆ, ಹೀಗೆ ಏಳು ವಿಷಯಗಳಿಗೆ ಅಂಕ ಕೊಡುತ್ತಾರೆ. ಪೂರ್ತಿ ಅಂಕ 112. ಮೂಗಿಗೇ ಎಲ್ಲಕ್ಕಿಂತ ಜಾಸ್ತಿ ಪಾಲು. ಪ್ರೈಜ್ ಸಿಗಬೇಕಾದರೆ ನಾಯಿಯ ವಯಸ್ಸು 16 ತಿಂಗಳು ಮೀರಿರಬಾರದು. ಜರ್ಮನಿಯಲ್ಲಿ ಇದೇ ಕೆಲಸವನ್ನು ವಸಂತದ ವಿಜೆಪಿ ಮತ್ತು ಶರತ್ಕಾಲದ ಎಚ್‌ಜೆಡ್‌ಪಿ ಟೆಸ್ಟ್‌ಗಳು ಮಾಡುತ್ತವೆ. ಅಲ್ಲಿನ ಬೇಟೆ ನಾಯಿ ಸಂಘಗಳ ಒಕ್ಕೂಟ ಜೆಜಿಎಚ್‌ವಿ 1899ರಷ್ಟು ಹಳೆಯದು.

ಈ ಟೆಸ್ಟ್‌ಗಳನ್ನು ಕಟ್ಟಿದ್ದು ಒಂದು ನಾಯಿಗೆ ಸರ್ಟಿಫಿಕೇಟ್ ಕೊಡಲಿಕ್ಕೆ ಮಾತ್ರ ಅಲ್ಲ. ಅಪ್ಪ-ಅಮ್ಮ ನಾಯಿಗಳ ಜೋಡಿ ಸರಿಯಾಗಿತ್ತಾ ಅಂತ ತಿಳಿಯಲಿಕ್ಕೆ. ಅದು ತಿಳಿಯಬೇಕಾದರೆ ಒಂದೇ ಸೂಲಿನ ಮರಿಗಳು ಆದಷ್ಟೂ ಎಲ್ಲವೂ ಬರಬೇಕು. ಚುರುಕಾದ ಮರಿ, ಸಾಧಾರಣ ಮರಿ, ನೀರು ಕಂಡರೆ ಹಿಂದೆ ಸರಿಯುವ ಮರಿ, ಎಲ್ಲವೂ. ಈಗ ಬರುತ್ತಿರುವುದು ಚುರುಕಾದವು ಮಾತ್ರ. ಇದರ ಪೆಟ್ಟು ತಳಿಗೆ ಬೀಳುತ್ತದೆ ಅನ್ನುವುದು ನನ್ನ ಮಾತು.

ನೀವೆಲ್ಲ ಏನಂತೀರಿ? ಟೆಸ್ಟ್‌ಗೆ ಯಾಕೆ ಬರುತ್ತಿಲ್ಲ ಅಂತ ಬಾರದವರೇ ಹೇಳಿದರೆ ಇನ್ನೂ ಒಳ್ಳೆಯದು. ಯಾರೂ ಬೈಯುವುದಿಲ್ಲ.

ಹೊಸಮರಿ:

ಸರ್, ಬಾರದವರಲ್ಲಿ ನಾನೂ ಒಬ್ಬ. ಕರೆದಿರಿ ಅಂತ ಬರೆಯುತ್ತಿದ್ದೇನೆ.

ನನ್ನದು ಜರ್ಮನ್ ವೈರ್‌ಹೇರ್ಡ್ ಪಾಯಿಂಟರ್, ಹೆಣ್ಣು, ಹನ್ನೊಂದು ತಿಂಗಳು. ಹೊಲದಲ್ಲಿ ಚೆನ್ನಾಗಿ ಹುಡುಕುತ್ತಾಳೆ. ಹಕ್ಕಿಯ ವಾಸನೆ ಬಂದರೆ ಕಲ್ಲಿನ ಹಾಗೆ ನಿಲ್ಲುತ್ತಾಳೆ. ನನಗೆ ಬೇಕಾದದ್ದೂ ಅಷ್ಟೇ. ಮತ್ತೆ ನಾನು ಗೊತ್ತಿಲ್ಲದ ಮೂವರು ಜಡ್ಜ್‌ಗಳ ಮುಂದೆ ಅವಳನ್ನು ಓಡಿಸಿ ಅಂಕ ತೆಗೆದುಕೊಳ್ಳಬೇಕು ಯಾಕೆ?

ಇನ್ನೊಂದು ವಿಷಯ. ನಿಯಮಗಳ ಪುಸ್ತಕ ತೆರೆದು ನೋಡಿದೆ. ವಕೀಲರಿಗೆ ಬರೆದದ್ದೇನೋ ಅನ್ನಿಸಿತು. ಒಬ್ಬ ಹಳೆಯ ಸದಸ್ಯರನ್ನು ಕೇಳಿದರೆ, "ಮೊದಲು ಒಂದು ಟೆಸ್ಟ್ ಬಂದು ನೋಡಿ, ಆಮೇಲೆ ಮಾತಾಡೋಣ" ಅಂದರು. ಬಂದು ನೋಡಿದೆ. ಎಲ್ಲರೂ ತಮ್ಮ ತಮ್ಮ ಗುಂಪಿನಲ್ಲಿ ನಿಂತಿದ್ದರು. ನನ್ನನ್ನು ಯಾರೂ ಮಾತಾಡಿಸಲಿಲ್ಲ. ಏನು ನಡೀತಿದೆ ಅಂತ ದೂರದಿಂದ ತಿಳಿಯಲೂ ಇಲ್ಲ. ವಾಪಸ್ ಬಂದುಬಿಟ್ಟೆ.

ಸೆಕ್ರೆಟರಿ:

ಹೊಸಮರಿ ಅವರೇ, ನೀವು ಹೇಳಿದ್ದು ಓದಿ ಬೇಸರ ಆಯಿತು. ಅದು ಯಾವ ಕ್ಲಬ್ಬೇ ಇರಲಿ, ಬಂದವರನ್ನು ಹಾಗೆ ಬಿಡಬಾರದು.

ನಾನು ಟೆಸ್ಟ್ ನಡೆಸುವ ಕಡೆಯಿಂದ ಎರಡು ಮಾತು ಬರೆಯುತ್ತೇನೆ. ಜನ ಬರುವುದಿಲ್ಲ ಅನ್ನುವುದು ಅರ್ಧ ಕಥೆ. ಬಂದರೂ ಎಲ್ಲರಿಗೂ ಜಾಗ ಕೊಡಲು ಆಗದ ಕ್ಲಬ್‌ಗಳಿವೆ. ಒಂದು ಎಳೆ ನಾಯಿಗೆ ಹೊಲದಲ್ಲೇ ಕಡಿಮೆ ಅಂದರೂ 20 ನಿಮಿಷ ಬೇಕು. ಆಮೇಲೆ ಜಾಡು, ನೀರು, ಹಲ್ಲು ಮತ್ತು ಕಣ್ಣಿನ ತಪಾಸಣೆ. ಪ್ರತಿ ನಾಯಿಗೂ ಹೊಸ ನೆಲ ಬೇಕು. ಹಿಂದಿನ ನಾಯಿ ಓಡಿದ ಜಾಗದಲ್ಲೇ ಮುಂದಿನದನ್ನು ಬಿಟ್ಟರೆ ಅನ್ಯಾಯ. ಇಷ್ಟೆಲ್ಲ ನೆಲ ಕೊಡುವ ರೈತರು ಈಗ ಕಡಿಮೆ. ಹಳಬರ ಮಾತಿಗೆ ಹೊಲ ಬಿಟ್ಟುಕೊಟ್ಟವರ ಮಕ್ಕಳು ಈಗ ಜವಾಬ್ದಾರಿ ಪತ್ರ ಕೇಳುತ್ತಾರೆ, ವಿಮೆ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದನ್ನೆಲ್ಲ ಓಡಾಡಿ ಮಾಡುವವರು ಕ್ಲಬ್‌ನಲ್ಲಿ ಒಬ್ಬರೋ ಇಬ್ಬರೋ.

ಕಾಡುಹಕ್ಕಿಗಳ ವಿಷಯ ಇದಕ್ಕಿಂತ ದೊಡ್ಡದು. ಯೂರೋಪಿನಲ್ಲಿ ಬೂದು ಗೌಜಲ ಹಕ್ಕಿ 1980ರಿಂದ ಈಚೆಗೆ ಶೇ 90ಕ್ಕೂ ಹೆಚ್ಚು ಕಡಿಮೆಯಾಗಿದೆ. ಅಮೆರಿಕದ ಬಾಬ್‌ವೈಟ್ ಕ್ವೇಲ್ 1960ರ ದಶಕದಿಂದ ಶೇ 80ರ ಆಸುಪಾಸು ಕುಸಿದಿದೆ. ಹೊಲದ ಅಂಚಿನ ಪೊದೆ, ಹುಲ್ಲು ಹೋಯಿತು. ಔಷಧಿ ಹೊಡೆದು ಹೊಡೆದು ಹುಳಗಳು ಹೋದವು. ಮೊದಲ ವಾರಗಳಲ್ಲಿ ಗೌಜಲ ಮರಿಗಳಿಗೆ ಹುಳವೇ ಆಹಾರ. ಅದಿಲ್ಲದೆ ಮರಿ ಬದುಕುವುದಿಲ್ಲ. ಹೀಗಾಗಿ ಎಷ್ಟೋ ಕಡೆ ಸಾಕಿದ ಹಕ್ಕಿ ತಂದು ಬಿಟ್ಟು ಟೆಸ್ಟ್ ನಡೆಸಬೇಕು. ಅದಕ್ಕೆ ಖರ್ಚು, ಅನುಮತಿ, ಸಾಗಾಟ. ಹಕ್ಕಿಜ್ವರ ಹರಡಿದ ವರ್ಷಗಳಲ್ಲಿ ಬಾತು, ಫೆಸೆಂಟ್ ಸಿಗುವುದೇ ಕಷ್ಟ ಆಯಿತು. ಅದಕ್ಕೂ ಮೊದಲು 2020ರಲ್ಲಿ ಕೋವಿಡ್‌ನಿಂದ ಟೆಸ್ಟ್‌ಗಳೇ ರದ್ದಾದವು. ಆಗಿನ ಎಷ್ಟೋ ಮರಿಗಳಿಗೆ ವಯಸ್ಸು ಮೀರಿತು. ಅವುಗಳ ಮಾಲೀಕರು ಟೆಸ್ಟ್ ಅನ್ನುವ ಅಭ್ಯಾಸಕ್ಕೇ ಬೀಳಲಿಲ್ಲ.

ಜಡ್ಜ್‌ಗಳ ಕೊರತೆಯೂ ಇದೆ. ಒಬ್ಬ ಜಡ್ಜ್ ತಯಾರಾಗಲು ವರ್ಷಗಳು ಬೇಕು. ಮೊದಲು ತಾನು ನಾಯಿ ತಯಾರು ಮಾಡಿ ಟೆಸ್ಟ್ ಓಡಿಸಿರಬೇಕು. ಆಮೇಲೆ ಅನುಭವಿ ಜಡ್ಜ್‌ಗಳ ಹಿಂದೆ ಕಲಿಕೆಗೆ ನಡೆಯಬೇಕು. ಇವತ್ತು ನಾಯಿ ಓಡಿಸುವವರು ಕಡಿಮೆಯಾದರೆ ಹತ್ತು ವರ್ಷದ ನಂತರ ಜಡ್ಜ್‌ಗಳು ಎಲ್ಲಿಂದ ಬರಬೇಕು ಹೇಳಿ.

ಸೂಲುಪುಸ್ತಕ:

ನಾನು ಬ್ರೀಡರ್. ಜಾಡುಗಾರ ಸರ್ ಎತ್ತಿದ ವಿಷಯಕ್ಕೇ ಬರುತ್ತೇನೆ, ಯಾಕೆಂದರೆ ನನ್ನ ನಿದ್ದೆ ಕೆಡಿಸುವುದೂ ಅದೇ.

ಬೇಟೆಯ ಗುಣಗಳಲ್ಲಿ ಅನುವಂಶಿಕವಾಗಿ ಬರುವ ಪಾಲು ಸಾಮಾನ್ಯವಾಗಿ ಕಡಿಮೆಯಿಂದ ಮಧ್ಯಮ. ಅಂದರೆ ಒಂದು ನಾಯಿ ಒಂದು ದಿನ ತೆಗೆದುಕೊಂಡ ಅಂಕ ನೋಡಿ ಅದರ ರಕ್ತದಲ್ಲಿ ಏನಿದೆ ಅಂತ ಹೇಳಲಾಗದು. ಅವತ್ತಿನ ಗಾಳಿ, ಬಿಸಿಲು, ಮಾಲೀಕನ ತಯಾರಿ, ಎಲ್ಲ ಸೇರಿ ಆ ಅಂಕ ಬಂದಿರುತ್ತದೆ. ಆದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವುಗಳ ಮಕ್ಕಳು, ಎಲ್ಲದರ ಅಂಕ ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಎಂಟು ಮರಿಗಳಲ್ಲಿ ಎರಡು ಮಾತ್ರ ಟೆಸ್ಟ್‌ಗೆ ಬಂದು ಎರಡೂ ಫಸ್ಟ್ ಪ್ರೈಜ್ ತೆಗೆದರೆ ನನಗೆ ತಿಳಿದದ್ದೇನು? ಏನೂ ಇಲ್ಲ. ಜಾಣ ಮಕ್ಕಳನ್ನು ಮಾತ್ರ ಪರೀಕ್ಷೆಗೆ ಕೂರಿಸಿ ಶಾಲೆಯ ಫಲಿತಾಂಶ ನೂರಕ್ಕೆ ನೂರು ಅಂದ ಹಾಗೆ. ಉಳಿದ ಆರರಲ್ಲಿ ಮೂರು ಗುಂಡಿನ ಸದ್ದಿಗೆ ಹೆದರುತ್ತಿದ್ದರೆ? ಆ ಜೋಡಿಯನ್ನು ನಾನು ಮತ್ತೆ ಕೂಡಿಸುತ್ತೇನೆ. ಮತ್ತೆ ಅಂಥವೇ ಮರಿಗಳು ಹುಟ್ಟುತ್ತವೆ.

ಕೆಲವು ಗುಣಗಳು ಟೆಸ್ಟ್ ಬಿಟ್ಟರೆ ಬೇರೆಲ್ಲೂ ದಾಖಲಾಗುವುದೇ ಇಲ್ಲ. ವಿಜೆಪಿಯಲ್ಲಿ ಮೊಲದ ಜಾಡು ಹಿಡಿಸುತ್ತಾರೆ. ನಾಯಿಗೆ ಮೊಲ ಕಾಣಿಸಿರಬಾರದು, ಜಾಡು ಮಾತ್ರ ಸಿಗಬೇಕು. ಆಗ ಅದು ಜಾಡಿನ ಮೇಲೆ ಬೊಗಳುತ್ತಾ ಹೋಗುತ್ತದಾ, ಪ್ರಾಣಿ ಕಂಡಾಗ ಮಾತ್ರ ಬೊಗಳುತ್ತದಾ, ಅಥವಾ ಸುಮ್ಮನೆ ಓಡುತ್ತದಾ ಅಂತ ಜಡ್ಜ್ ಬರೆದುಕೊಳ್ಳುತ್ತಾರೆ. ಇದು ಕಲಿಸಿ ಬರುವಂಥದ್ದಲ್ಲ, ಹುಟ್ಟುಗುಣ. ದಟ್ಟ ಪೊದೆಯಲ್ಲಿ ನಾಯಿ ಎಲ್ಲಿದೆ ಅಂತ ಬೇಟೆಗಾರನಿಗೆ ಗೊತ್ತಾಗುವುದು ಈ ದನಿಯಿಂದಲೇ. ಮರಿಗಳು ಬಾರದಿದ್ದರೆ ಈ ಕಾಲಂ ಖಾಲಿ.

ಮರಿ ಕೊಡುವಾಗ ಎಲ್ಲರಿಗೂ ಹೇಳುತ್ತೇನೆ, ಟೆಸ್ಟ್‌ಗೆ ಕರೆದುಕೊಂಡು ಬನ್ನಿ ಅಂತ. ಎಲ್ಲರೂ ಆಯ್ತು ಅಂತಾರೆ. ವರ್ಷದ ನಂತರ ಫೋನ್ ಮಾಡಿದರೆ ಅರ್ಧ ಜನ ಎತ್ತುವುದಿಲ್ಲ. ಕೆಲವರಂತೂ, "ನಮ್ಮ ನಾಯಿ ಕಡಿಮೆ ಅಂಕ ತೆಗೆದರೆ ನಿಮಗೇ ಕೆಟ್ಟ ಹೆಸರು ಅಲ್ವಾ" ಅಂತಾರೆ. ಇಲ್ಲ ಅಂತ ಎಷ್ಟು ಹೇಳಿದರೂ ನಂಬುವುದಿಲ್ಲ. ಕಡಿಮೆ ಅಂಕದ ಆ ನಾಯಿಯೇ ನನಗೆ ಜಾಸ್ತಿ ಬೇಕಾದದ್ದು!

ಹೊಸಮರಿ:

ಸೂಲುಪುಸ್ತಕ ಅವರೇ, ಹೀಗೆ ನನಗೆ ಯಾರೂ ಹೇಳಿರಲಿಲ್ಲ. ನನ್ನ ಬ್ರೀಡರ್ ಕೂಡ "ಟೆಸ್ಟ್ ಮಾಡಿಸಿ, ಚೆನ್ನಾಗಿರುತ್ತೆ" ಅಂದರೇ ಹೊರತು ಯಾಕೆ ಅಂತ ಹೇಳಲಿಲ್ಲ. ಅಂಕ ನನಗಾಗಿ ಅಂದುಕೊಂಡಿದ್ದೆ. ಅವಳ ಅಮ್ಮನ ಬಗ್ಗೆ ತಿಳಿಯಲಿಕ್ಕೆ ಅಂತ ಗೊತ್ತಿರಲಿಲ್ಲ.

ಆದರೂ ಅಂಕಗಳು ಎಲ್ಲರಿಗೂ ಕಾಣುವ ಹಾಗೆ ಪ್ರಕಟವಾಗುತ್ತವೆ ಅಂದರೆ ಹಿಂಜರಿಕೆ ಆಗುತ್ತದೆ. ಅದು ಸಹಜ ಅಲ್ವಾ?

ಗಾಳಿಗೆದುರು:

ಸಹಜವೇ. ಆದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಾಲೀಕರನ್ನು ಮಾತ್ರ ದೂರುವುದು ಬೇಡ. ಟೆಸ್ಟ್‌ಗಳೇ ಜನರಿಂದ ದೂರ ಹೋಗಿವೆ.

ಇತಿಹಾಸ ನೋಡಿ. ದಾಖಲೆಯಲ್ಲಿರುವ ಮೊದಲ ಫೀಲ್ಡ್ ಟ್ರಯಲ್ ನಡೆದದ್ದು 1865ರಲ್ಲಿ, ಇಂಗ್ಲೆಂಡಿನ ಸೌತ್‌ಹಿಲ್‌ನಲ್ಲಿ, ಪಾಯಿಂಟರ್ ಮತ್ತು ಸೆಟ್ಟರ್‌ಗಳಿಗೆ. ನಾಯಿಗೆ ನಾಯಿ ಪೈಪೋಟಿ. ಗೆಲ್ಲುವುದು ಒಂದೇ. ಬರಬರುತ್ತಾ ಅಲ್ಲಿ ದುಡ್ಡಿಗೆ ನಾಯಿ ಓಡಿಸುವ ತರಬೇತುದಾರರ ಕೈ ಮೇಲಾಯಿತು. ವಾರವಿಡೀ ಕೆಲಸ ಮಾಡಿ ಭಾನುವಾರ ನಾಯಿ ಜೊತೆ ಹೊಲಕ್ಕೆ ಹೋಗುವವನಿಗೆ ಅಲ್ಲೇನು ಕೆಲಸ? ಅಂಥವನಿಗೂ ಜಾಗ ಬೇಕು ಅಂತಲೇ ಅಮೆರಿಕನ್ ಕೆನಲ್ ಕ್ಲಬ್ 1985ರಲ್ಲಿ ಹಂಟಿಂಗ್ ಟೆಸ್ಟ್ ಶುರು ಮಾಡಿತು. ಅಲ್ಲಿ ನಾಯಿಗೆ ಪೈಪೋಟಿ ಅಳತೆಗೋಲಿನ ಜೊತೆ, ಪಕ್ಕದ ನಾಯಿಯ ಜೊತೆ ಅಲ್ಲ. ಜೂನಿಯರ್, ಸೀನಿಯರ್, ಮಾಸ್ಟರ್ ಅಂತ ಮೆಟ್ಟಿಲು ಇಟ್ಟರು. ಜನ ಬಂದರು. ಅಂದರೆ ಬಾಗಿಲು ತೆರೆದರೆ ಜನ ಬರುತ್ತಾರೆ ಅನ್ನುವುದಕ್ಕೆ ಸಾಕ್ಷಿ ಇದೆ.

ಈಗ ನಮ್ಮ ಕ್ಲಬ್‌ಗಳಲ್ಲಿ ಆಗಿರುವುದು ಏನು? ದೊಡ್ಡ ಟೆಸ್ಟ್‌ಗಳ ಬಗ್ಗೆಯೇ ಮಾತು. ಪೂರ್ತಿ ತರಬೇತಾದ ನಾಯಿಗಳಿಗೆ ಇರುವ ಜರ್ಮನ್ ವಿಜಿಪಿ ಟೆಸ್ಟ್‌ನಲ್ಲಿ ರಕ್ತದ ಜಾಡೇ (ಗಾಯಗೊಂಡ ಪ್ರಾಣಿಯನ್ನು ಹುಡುಕುವ ಕೆಲಸ) 400 ಮೀಟರ್. ಅದಕ್ಕೇ ಮೀಸಲಾದ ಇನ್ನೊಂದು ಟೆಸ್ಟ್‌ನಲ್ಲಿ 1000 ಮೀಟರ್, ಅದೂ 20 ಅಥವಾ 40 ಗಂಟೆ ಹಳೆಯದು. ಇಂಥ ಕೆಲಸ ಮಾಡುವ ನಾಯಿ ನೋಡಿದರೆ ಮೈ ಜುಮ್ಮೆನ್ನುತ್ತದೆ, ಒಪ್ಪುತ್ತೇನೆ. ಆದರೆ ಹೊಸಬ ಮೊದಲ ದಿನವೇ ಇದನ್ನೆಲ್ಲ ಕೇಳಿಸಿಕೊಂಡರೆ ತನ್ನ ಮರಿಯನ್ನು ಕರೆದುಕೊಂಡು ಮನೆಗೆ ಹೋಗುತ್ತಾನೆ. ಎಳೆ ನಾಯಿಯ ಟೆಸ್ಟ್‌ಗೆ ಅಂಥ ತಯಾರಿ ಏನೂ ಬೇಡ, ಕರೆದರೆ ಬಂದರೆ ಸಾಕು ಅಂತ ಅವನಿಗೆ ಹೇಳುವವರು ಯಾರು?

ಇನ್ನೊಂದು ಮಾತು, ಕೆಲವರಿಗೆ ಹಿಡಿಸದು. ಜೀವಂತ ಬಾತುಕೋಳಿಯನ್ನು ಹಾರದಂತೆ ಮಾಡಿ ನೀರಿಗೆ ಬಿಟ್ಟು ನಾಯಿಯನ್ನು ಪರೀಕ್ಷಿಸುವ ಪದ್ಧತಿ ನೋಡಿ ಬೇಸತ್ತು ಹೋದ ಮಾಲೀಕರು ನನಗೆ ಗೊತ್ತು. ಬೇಟೆ ಆಡುವವರೇ ಅವರು. ಅವರ ಮಾತನ್ನೂ ಕೇಳಬೇಕು.

ತೀರ್ಪಿನ ಪಟ್ಟಿ:

ಹಲವು ವರ್ಷದಿಂದ ಜಡ್ಜ್ ಆಗಿ ಹೊಲದಲ್ಲಿ ನಡೆಯುತ್ತಿದ್ದೇನೆ. ಗಾಳಿಗೆದುರು ಅವರ ಕೊನೆಯ ಮಾತಿಗೆ ಮೊದಲು ಉತ್ತರ. ಗಾಯಗೊಂಡು ಜೊಂಡಿನೊಳಗೆ ನುಗ್ಗಿದ ಬಾತನ್ನು ಹುಡುಕಿ ತರದ ನಾಯಿಯಿಂದ ಆ ಬಾತು ದಿನಗಟ್ಟಲೆ ನರಳಿ ಸಾಯುತ್ತದೆ. ಅದಕ್ಕೇ ಆ ಕೆಲಸವನ್ನು ಪರೀಕ್ಷಿಸುತ್ತಾರೆ. ಆದರೆ ಹೇಗೆ ಪರೀಕ್ಷಿಸಬೇಕು ಅನ್ನುವುದರಲ್ಲಿ ಭಿನ್ನಾಭಿಪ್ರಾಯ ಇದೆ, ನಿಯಮಗಳೂ ಎಲ್ಲ ಕಡೆ ಒಂದೇ ಇಲ್ಲ. ಎಳೆ ನಾಯಿಯ ನೀರಿನ ಟೆಸ್ಟ್‌ಗೆ ಬಾತು ಬೇಕಾಗಿಯೇ ಇಲ್ಲ. ನಾವ್‌ಡಾದ ಎಳೆ ನಾಯಿ ಟೆಸ್ಟ್‌ನಲ್ಲಿ ಬಂಪರ್ (ನೀರಿನಲ್ಲಿ ತೇಲುವ ತರಬೇತಿ ಆಟಿಕೆ) ಎಸೆಯುತ್ತಾರೆ, ನಾಯಿ ಎರಡು ಸಲ ಈಜಿದರೆ ಆಯಿತು. ಹೊಸಬರು ಇದನ್ನು ತಿಳಿದಿರಲಿ.

ಈಗ ಅಂಕದ ಭಯದ ಬಗ್ಗೆ. ಈ ಸಲದ ಒಂದು ನಾಯಿಯ ಕಥೆ ಹೇಳುತ್ತೇನೆ, ಮಾಲೀಕರ ಗುರುತು ಬೇಡ. ಫೆಸೆಂಟ್ ಓಡಿಹೋದ ಜಾಡಿನ ಮೇಲೆ ಬಿಟ್ಟರು. ಮರಿ ಮೂಗು ನೆಲಕ್ಕಿಟ್ಟು ಹೊರಟಿತು. ಮೂವತ್ತು ಹೆಜ್ಜೆ ಆದ ಮೇಲೆ ಹಕ್ಕಿ ಎಡಕ್ಕೆ ತಿರುಗಿತ್ತು. ಮರಿ ಅದೇ ವೇಗದಲ್ಲಿ ನೇರ ಹೋಗಿಬಿಟ್ಟಿತು. ಮಾಲೀಕರ ಮುಖ ಬಾಡಿತು. ಆದರೆ ನಾನು ನೋಡುತ್ತಿದ್ದದ್ದು ಮರಿಯ ಬಾಲವನ್ನು. ಅಲ್ಲಾಡುವುದು ನಿಂತಿತು. ತಲೆ ಎತ್ತಿತು. ವಾಸನೆ ಇಲ್ಲ ಅಂತ ಗೊತ್ತಾಯಿತು. ಯಾರೂ ಏನೂ ಹೇಳದೆ ತಾನೇ ಅರ್ಧ ಸುತ್ತು ಹಾಕಿ ವಾಪಸ್ ಬಂತು, ತಿರುವಿನ ಹತ್ತಿರ ಮೂಗು ಇಳಿಸಿತು, ಬಾಲ ಮತ್ತೆ ಶುರು. ಅಲ್ಲಿಂದ ಮುಂದೆ ಕೊನೆಯವರೆಗೂ ಬಿಡಲಿಲ್ಲ.

ಮಾಲೀಕರು "ತಪ್ಪಿತಲ್ಲ ಸರ್" ಅಂದರು. ನಾನು ಅವರಿಗೆ ಹೇಳಿದೆ, "ತಪ್ಪಿದ್ದನ್ನು ತಾನೇ ಕಂಡುಹಿಡಿದು ಸರಿಮಾಡಿಕೊಂಡಿತಲ್ಲ, ಜಾಡಿನಲ್ಲಿ ನಾವು ನೋಡುವುದು ಇದನ್ನೇ." ಅವರಿಗೆ ಅದು ಗೊತ್ತೇ ಇರಲಿಲ್ಲ. ಹೇಳದಿದ್ದರೆ ಅಂಕದ ಹಾಳೆ ಹಿಡಿದು ಬೇಜಾರಿನಿಂದ ಮನೆಗೆ ಹೋಗುತ್ತಿದ್ದರು. ಮತ್ತೆ ಬರುತ್ತಿದ್ದರೋ ಇಲ್ಲವೋ.

ಹಾಗಾಗಿ ನನ್ನ ಜೊತೆಯ ಜಡ್ಜ್‌ಗಳಿಗೆ ನನ್ನ ಬೇಡಿಕೆ ಇದು. ಅಂಕ ಓದಿ ಮುಗಿಸಬೇಡಿ. ಪ್ರತಿ ಅಂಕಕ್ಕೂ ನಾಯಿ ಏನು ಮಾಡಿತು ಅಂತ ಒಂದು ವಾಕ್ಯ ಹೇಳಿ. ಮೂಗಿಗೆ ಮೂರು ಅಂದರೆ ಎಲ್ಲಿ ಕಡಿಮೆ ಆಯಿತು, ಎಲ್ಲಿ ಚೆನ್ನಾಗಿತ್ತು. ಎಲ್ಲರ ಮುಂದೆ ಹೇಳುವುದು ಕೆಲವರಿಗೆ ಕಷ್ಟವಾದರೆ ಮೊದಲು ಅವರೊಬ್ಬರಿಗೇ ಹೇಳಿ. ಎರಡು ನಿಮಿಷದ ಕೆಲಸ.

ಸೆಕ್ರೆಟರಿ:

ಈ ಮಾತನ್ನು ಮುಂದಿನ ಜಡ್ಜ್‌ಗಳ ಸಭೆಯಲ್ಲಿ ಇಡುತ್ತೇನೆ.

ಜಾಡುಗಾರ:

ಚರ್ಚೆ ಒಳ್ಳೆಯ ದಾರಿ ಹಿಡಿದಿದೆ. ಎಲ್ಲರಿಗೂ ಧನ್ಯವಾದ. ನನಗೆ ತೋಚಿದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ನೆಲ, ಹಕ್ಕಿ, ಹಕ್ಕಿಜ್ವರ ನಮ್ಮ ಕೈಯಲ್ಲಿಲ್ಲ. ಮರಿ ಮನೆಗೆ ಹೋದ ದಿನದಿಂದ ಟೆಸ್ಟ್ ದಿನದವರೆಗಿನ ಆ ಒಂದು ವರ್ಷ ಮಾತ್ರ ನಮ್ಮ ಕೈಯಲ್ಲಿದೆ. ಈಗ ಆ ವರ್ಷ ಪೂರ್ತಿ ಖಾಲಿ. ಮಾಲೀಕ ವಿಡಿಯೋ ನೋಡಿ ತಾನೇ ಕಲಿಸುತ್ತಾನೆ. ಕ್ಲಬ್ ಅವನಿಗೆ ನೆನಪಾಗುವುದು ಟೆಸ್ಟ್‌ನ ಫಾರ್ಮ್ ಬಂದಾಗ.

ಬ್ರೀಡರ್‌ಗಳು ಒಂದು ಸೂಲಿನ ಎಲ್ಲ ಮಾಲೀಕರನ್ನೂ ಒಟ್ಟಿಗೆ ಸೇರಿಸಿ ತಿಂಗಳಿಗೊಮ್ಮೆ ಹೊಲಕ್ಕೆ ಕರೆಯಲಿ. ತಮ್ಮ ಮರಿಯ ಅಣ್ಣತಮ್ಮಂದಿರನ್ನು ನೋಡುವ ಆಸೆ ಯಾರಿಗಿಲ್ಲ? ಎಲ್ಲರೂ ಒಂದೇ ದಿನ ಟೆಸ್ಟ್‌ಗೆ ಹೆಸರು ಕೊಟ್ಟರೆ ಭಯವೂ ಕಡಿಮೆ. ಹೀಗೆ ಇಡೀ ಸೂಲು ಬಂದರೆ ಕ್ಲಬ್ ಅವರಿಗೆ ಮೊದಲು ಜಾಗ ಕೊಡಬೇಕು, ಪ್ರವೇಶ ಶುಲ್ಕದಲ್ಲೂ ಸ್ವಲ್ಪ ಬಿಡಬೇಕು. ಪ್ರೈಜ್ ತೆಗೆದ ನಾಯಿಗೆ ಕೊಡುವ ಚಪ್ಪಾಳೆಯನ್ನು ಆರು ಮರಿ ತಂದ ಬ್ರೀಡರ್‌ಗೂ ಕೊಡೋಣ. ನನ್ನ ಕೇಳಿದರೆ ಅವರಿಗೇ ಜಾಸ್ತಿ ಕೊಡಬೇಕು.

ಮತ್ತೆ, ಟೆಸ್ಟ್ ನೋಡಲು ಬಂದ ಹೊಸಬರ ಜೊತೆ ಒಬ್ಬ ಸದಸ್ಯ ದಿನವಿಡೀ ಇರಲಿ. ಹೊಸಮರಿ ಅವರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಗಾಳಿಗೆದುರು:

ಶುಲ್ಕದ ರಿಯಾಯಿತಿ ನಾನು ಒಪ್ಪುವುದಿಲ್ಲ. ಕ್ಲಬ್‌ಗೆ ಈಗಲೇ ಹಕ್ಕಿಯ ಖರ್ಚು ಭಾರ. ಮೊದಲು ಜಾಗ ಕೊಡುವುದು ಸರಿ, ಅದು ಸಾಕು. ತಿಂಗಳಿಗೊಮ್ಮೆ ಹೊಲಕ್ಕೆ ಕರೆಯುವ ಮಾತು ತುಂಬಾ ಒಳ್ಳೆಯದು. ನೆಲ ಸಿಕ್ಕರೆ ನಾನು ಬಂದು ಕಲಿಸುತ್ತೇನೆ.

ಸೂಲುಪುಸ್ತಕ:

ನನ್ನ ಕಳೆದ ಸೂಲಿನ ಎಲ್ಲರಿಗೂ ಇವತ್ತೇ ಫೋನ್ ಮಾಡುತ್ತೇನೆ. ಎತ್ತದವರಿಗೆ ಇಲ್ಲಿಯ ಚರ್ಚೆಯನ್ನೇ ಕಳಿಸುತ್ತೇನೆ.

ಹೊಸಮರಿ:

ನನ್ನವಳಿಗೆ ವಯಸ್ಸಿನ ಮಿತಿ ದಾಟಲು ಇನ್ನೂ ಸಮಯ ಇದೆ. ಶರತ್ಕಾಲದ ಟೆಸ್ಟ್‌ಗೆ ಹೆಸರು ಕೊಡುತ್ತೇನೆ. ನನ್ನ ಬ್ರೀಡರ್‌ಗೂ ಬರೆದಿದ್ದೇನೆ, ಉಳಿದ ಮರಿಗಳ ಮಾಲೀಕರ ನಂಬರ್ ಕೊಡಿ ಅಂತ.

ಒಂದು ಸಹಾಯ ಬೇಕು. ಹುಡುಕುವುದು, ಪಾಯಿಂಟ್ ಮಾಡುವುದು ಬರುತ್ತದೆ. ಜಾಡು ಮಾತ್ರ ಒಮ್ಮೆಯೂ ಮಾಡಿಸಿಲ್ಲ. ಮನೆಯ ಹತ್ತಿರ ಹುಲ್ಲಿನ ಬಯಲಿದೆ. ಹೇಗೆ ಶುರು ಮಾಡಲಿ?

ತೀರ್ಪಿನ ಪಟ್ಟಿ:

ಬಹಳ ಸಂತೋಷ. ಸತ್ತ ಹಕ್ಕಿಯೊಂದನ್ನು ಹಗ್ಗಕ್ಕೆ ಕಟ್ಟಿ ಹುಲ್ಲಿನ ಮೇಲೆ ಎಳೆಯಿರಿ. ನೀವಲ್ಲ, ಬೇರೆ ಯಾರಾದರೂ ಎಳೆಯಬೇಕು. ಇಲ್ಲದಿದ್ದರೆ ನಾಯಿ ನಿಮ್ಮ ವಾಸನೆ ಹಿಡಿದು ಹೋಗುತ್ತದೆ. ಶುರುವಿನಲ್ಲಿ ಒಂದಿಷ್ಟು ಗರಿ ಕಿತ್ತು ಹಾಕಿ. ಗಾಳಿ ಬೆನ್ನ ಹಿಂದಿನಿಂದ ಬರುತ್ತಿರಲಿ, ಆಗ ನಾಯಿ ತಲೆ ಎತ್ತಿ ಗಾಳಿ ಮೂಸುವ ಬದಲು ಮೂಗು ನೆಲಕ್ಕಿಡುತ್ತದೆ. ಮೊದಲ ಸಲ ಐವತ್ತು ಹೆಜ್ಜೆ ಸಾಕು, ನೇರವಾಗಿ. ಆಮೇಲೆ ಒಂದು ಸಣ್ಣ ತಿರುವು. ಎಚ್‌ಜೆಡ್‌ಪಿಯಲ್ಲಿ ಹಕ್ಕಿ ಎಳೆದ ಜಾಡು 150 ಮೀಟರ್, ಎರಡು ತಿರುವು. ಆದರೆ ನಿಮಗೆ ಆ ಅವಸರ ಬೇಡ. ಎಳೆದವರು ಹಕ್ಕಿಯನ್ನು ಕೊನೆಯಲ್ಲಿ ಬಿಟ್ಟು ಹಾಗೇ ಮುಂದಕ್ಕೆ ಹೋಗಿ ಅವಿತುಕೊಳ್ಳಲಿ. ಬಂದ ದಾರಿಯಲ್ಲೇ ವಾಪಸ್ ನಡೆದರೆ ಜಾಡು ಕಲಸಿಹೋಗುತ್ತದೆ.

ನಾಯಿ ತಪ್ಪಿದರೆ ನೀವು ಬಾಯಿ ತೆರೆಯಬೇಡಿ, ಕೈಯನ್ನೂ ತೋರಿಸಬೇಡಿ. ಸುಮ್ನೆ ನಿಲ್ಲಿ. ತಾನೇ ತಿರುಗಿ ಬರಲು ಬಿಡಿ. ವಾರಕ್ಕೆ ಒಂದೋ ಎರಡೋ ಸಲ ಸಾಕು, ಜಾಸ್ತಿ ಮಾಡಿದರೆ ಬೇಸರ ಬರುತ್ತದೆ. ಬರುವ ಭಾನುವಾರ ನಾವು ಕೆಲವರು ಹೊಲಕ್ಕೆ ಹೋಗುತ್ತಿದ್ದೇವೆ, ನೀವೂ ನಾಯಿ ಕರೆದುಕೊಂಡು ಬನ್ನಿ. ಜಾಗ ಮತ್ತು ಸಮಯವನ್ನು ನಿಮಗೆ ಬೇರೆಯಾಗಿ ಕಳಿಸುತ್ತೇನೆ.